ಬೀನ್ಸ್ ಗಿಡಕ್ಕೆ ಎರಡಂಗುಲ ಜಾಸ್ತಿ

"ಇದಕ್ಕೆ ಎದೆ ಎಲ್ಲಿ, ಸೊಂಟ ಎಲ್ಲಿ?"

ಕೇಳಿದವನು ದರ್ಜಿ. ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಬೆಳಗಿನ ಎಂಟು ಗಂಟೆ; ಅಂಗಡಿಯ ಒಂದು ಬಾಗಿಲು ಮಾತ್ರ ತೆರೆದಿತ್ತು. ಅವನ ಕೊರಳಲ್ಲಿ ಅಳತೆಪಟ್ಟಿ, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಮಗಳ ನೋಟ್‌ಬುಕ್ಕು. ಎದುರಿಗೆ ಕಿಟಕಿಯ ಕಟ್ಟೆಯ ಮೇಲೆ, ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿಯೊಳಗೆ, ನಾಲ್ಕು ಎಲೆಯ ಒಂದು ಬೀನ್ಸ್ ಗಿಡ. ಇಪ್ಪತ್ತಮೂರು ವರ್ಷಗಳಲ್ಲಿ ದರ್ಜಿಯ ಮುಂದೆ ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರು ಬಿಗಿಹಿಡಿಯದೆ, ಹೋದ ಸಲದ ಅಂಗಿಯ ವಿಷಯ ಎತ್ತದೆ ನಿಂತ ಗಿರಾಕಿ ಇದೇ ಮೊದಲು.

ಈ ಗಿರಾಕಿ ಅಲ್ಲಿಗೆ ಹೇಗೆ ಬಂತೆಂಬುದನ್ನು ಮೊದಲು ಹೇಳಬೇಕು. ಯುದ್ಧಕ್ಕೆ ಇಳಿಯುವ ಮೊದಲು ವಂಶದ ವಿಚಾರ ಹೇಳಿ ಮುಗಿಸುವುದು ಕಥೆ ಹೇಳುವವರಿಗೂ ಒಳ್ಳೆಯದು, ಕೇಳುವವರಿಗೂ ಒಳ್ಳೆಯದು.

ದರ್ಜಿಯ ಮಗಳು ಏಳನೇ ಕ್ಲಾಸು. ವಿಜ್ಞಾನದಲ್ಲಿ ಮೂವತ್ತು ಬಂದಿತ್ತು. ಪಾಸಾಗಲು ಮೂವತ್ತೈದು ಬೇಕಿತ್ತು. ಹುಡುಗಿ ದಡ್ಡಿಯಲ್ಲ. ಗಿಡಗಳು ಬೆಳಕಿನ ಕಡೆಗೆ ಏಕೆ ಬಾಗುತ್ತವೆ ಎಂಬ ಎರಡಂಕದ ಪ್ರಶ್ನೆಯೊಂದು ಅವಳಿಗೆ ಎಷ್ಟು ಹಿಡಿಸಿತೆಂದರೆ, ಅದಕ್ಕೆ ಆರು ಪುಟ ಉತ್ತರ ಬರೆದು ತಲೆಯೆತ್ತುವ ಹೊತ್ತಿಗೆ ಅರ್ಧ ಪರೀಕ್ಷೆ ಮುಗಿದುಹೋಗಿತ್ತು. ವಿಜ್ಞಾನದ ಟೀಚರ್ ಆ ಆರು ಪುಟಗಳನ್ನೂ ಓದಿದರು, ಮೆಚ್ಚಿದರು, ಎರಡಂಕ ಕೊಟ್ಟರು. ಆ ಟೀಚರ್ ಹಾಗೆಯೇ. ಅರ್ಧ ಅಂಕವನ್ನು ಅವರು ಒಂದು ಮಾಡಿದ್ದನ್ನು ಆ ಶಾಲೆಯಲ್ಲಿ ಕಂಡವರಿಲ್ಲ.

ಆದರೆ ಅವರು ಕಲ್ಲುಮನಸ್ಸಿನವರೂ ಅಲ್ಲ. ಕಡಿಮೆ ಬಂದವರು ಹೆಚ್ಚುವರಿ ಅಂಕ ಗಳಿಸಲು ಒಂದು ದಾರಿ ಇಟ್ಟಿದ್ದರು. ಒಂದು ವಿಜ್ಞಾನ ಪುಸ್ತಕ ಓದಿ ಎರಡು ಪುಟದ ವರದಿ ಬರೆದರೆ ಎರಡಂಕ. ಒಂದು ಬೀಜ ಬಿತ್ತಿ, ಇಪ್ಪತ್ತು ದಿನ ಗಿಡದ ಎತ್ತರ ಅಳೆದು, ಪಟ್ಟಿಯನ್ನೂ ನಕ್ಷೆಯನ್ನೂ ಕೊಟ್ಟರೆ ಮೂರಂಕ. ಮೂವತ್ತು, ಎರಡು, ಮೂರು: ಸರಿಯಾಗಿ ಮೂವತ್ತೈದು. ಒಂದು ಕಡಿಮೆಯಾದರೂ ಮತ್ತೆ ಅದೇ ಕ್ಲಾಸು, ಅದೇ ಬೆಂಚು, ತನಗಿಂತ ಗಿಡ್ಡ ಮಕ್ಕಳ ನಡುವೆ.

ಮಗಳು ಪುಸ್ತಕದ ವರದಿಯನ್ನು ಎರಡೇ ದಿನದಲ್ಲಿ ಬರೆದಳು. ಅಪ್ಪ ಅದಕ್ಕೆ ಸ್ವಲ್ಪ ಸಹಾಯ ಮಾಡಿದ. ಹಾಳೆಗಳು ಬಿಡಿಬಿಡಿಯಾಗಿ ಬೀಳಬಾರದೆಂದು ಮೆಷಿನ್ನಿಗೆ ಕೊಟ್ಟು ನಾಲ್ಕೂ ಕಡೆಯಿಂದ ಎರಡೆರಡು ಹೊಲಿಗೆ ಹಾಕಿ, ತಲೆದಿಂಬಿನ ಚೀಲದಷ್ಟು ಗಟ್ಟಿಮಾಡಿ ಕಳಿಸಿದ. ವರದಿ ವಾಪಸು ಬಂದಾಗ ಟೀಚರ್ ಮೇಲೆ ಬರೆದಿದ್ದರು: "ಚೆನ್ನಾಗಿದೆ. ತೆರೆಯಲು ಬ್ಲೇಡು ಬೇಕಾಯಿತು." ಕೊನೆಯ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಮಗಳು ಬರೆದ ಸಾಲುಗಳು ಇವು: "ಈ ಪುಸ್ತಕದಲ್ಲಿ ಗಿಡಗಳ ಅಳತೆ ಕೊಟ್ಟಿದ್ದಾರೆ, ಅಳೆದವರು ಯಾರೆಂದು ಕೊಟ್ಟಿಲ್ಲ. ಅಳೆಯುವವರಿಗೂ ಒಂದೊಂದು ಅಭ್ಯಾಸ ಇರುತ್ತದೆ. ಅದನ್ನೂ ಬರೆಯಬೇಕಿತ್ತು." ಕೆಂಪು ಗೆರೆ ನೋಡಿ ಅಪ್ಪ ಹೆದರಿದ. ಇದು ತಪ್ಪಿಗೆ ಹಾಕಿದ್ದಲ್ಲ, ಒಪ್ಪಿಗೆಗೆ ಹಾಕಿದ್ದು ಎಂದು ಮಗಳು ಬಿಡಿಸಿ ಹೇಳಬೇಕಾಯಿತು.

ಇನ್ನು ಗಿಡ. ಮನೆಗೆ ಬಿಸಿಲು ಬರುತ್ತಿರಲಿಲ್ಲವಾದ್ದರಿಂದ ಬಾಟಲಿ ಅಂಗಡಿಯ ಕಿಟಕಿಗೆ ಬಂತು. ಹತ್ತು ದಿನ ಮಗಳೇ ಅಳೆದಳು. ಹತ್ತನೆಯ ದಿನ ಒಂಬತ್ತೂವರೆ ಸೆಂಟಿಮೀಟರು. ಅಂದೇ ಸಂಜೆ ಅವಳ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಎಂದು ಸುದ್ದಿ ಬಂತು. ಶಾಲೆಗೂ ರಜ. ಅಮ್ಮ, ಮಗಳು ಇಬ್ಬರೂ ಬಸ್ಸು ಹತ್ತಿದರು. ಹೊರಡುವ ಮೊದಲು ಮಗಳು ಒಂದು ಚೀಟಿ ಬರೆದು ಕಿಟಕಿಯ ಪಕ್ಕ ಗುಂಡುಸೂಜಿಯಿಂದ ಚುಚ್ಚಿದಳು: "ದಿನಾ ಬೆಳಿಗ್ಗೆ ಎಂಟಕ್ಕೆ. ಮಣ್ಣಿನಿಂದ ತುದಿಯವರೆಗೆ. ಸೆಂಟಿಮೀಟರಿನಲ್ಲಿ. ಬೇರೆ ಏನೂ ಮಾಡಬಾರದು." ಕೊನೆಯ ವಾಕ್ಯಕ್ಕೆ ಎರಡು ಗೆರೆ ಎಳೆದಿದ್ದಳು. ಅವಳು ಈ ಮನೆಯಲ್ಲೇ ಹುಟ್ಟಿ ಬೆಳೆದವಳು.

ಈಗ ದರ್ಜಿಯ ಒಂದು ಗುಣ ಹೇಳಿಬಿಟ್ಟರೆ ವಂಶದ ವಿಚಾರ ಮುಗಿಯಿತು. ಬೀದಿಯವರು ಅವನನ್ನು ಎರಡಂಗುಲ ಎಂದು ಕರೆಯುತ್ತಿದ್ದರು. ಶಾಲೆಯ ಯೂನಿಫಾರ್ಮು ಅವನ ಕಸುಬು. ಬೆಳೆಯುವ ಮಕ್ಕಳಿಗೆ ಅಳತೆಗೆ ಸರಿಯಾಗಿ ಹೊಲಿಯುವುದು ಅವನ ಮಟ್ಟಿಗೆ ಪಾಪ. ಮೊಣಕಾಲಿಗೆ ಎರಡಂಗುಲ, ತೋಳಿಗೆ ಎರಡಂಗುಲ, ಎದೆಗೆ ಎರಡಂಗುಲ ಜಾಸ್ತಿ. ಬೆಳಿಗ್ಗೆ ಆ ಬೀದಿಯನ್ನು ದೂರದಿಂದ ನೋಡಿದರೆ ಯೂನಿಫಾರ್ಮುಗಳು ತಾವೇ ಎದ್ದು ಶಾಲೆಗೆ ನಡೆದುಹೋದಂತೆ ಕಾಣುತ್ತಿತ್ತು. ಅರವತ್ತು ದಾಟಿದ ಪೋಸ್ಟ್‌ಮಾಸ್ಟರಿಗೂ ಅವನು ಎರಡಂಗುಲ ಬಿಟ್ಟಿದ್ದ. ಇವರೇನು ಬೆಳೆಯುತ್ತಾರಾ ಎಂದು ಯಾರೋ ಕೇಳಿದ್ದಕ್ಕೆ, ನಾನೇಕೆ ಬೇಡ ಅನ್ನಲಿ ಎಂದಿದ್ದ. ಅವನು ಅಳತೆಯನ್ನು ಇದ್ದದ್ದು ಇದ್ದ ಹಾಗೆ ಪುಸ್ತಕದಲ್ಲಿ ಬರೆದವನೇ ಅಲ್ಲ. ಅಂಕಿ ಕಣ್ಣಿನಿಂದ ಕೈಗೆ ಇಳಿದು ಬರುವ ದಾರಿಯಲ್ಲಿ ಎರಡಂಗುಲ ತಾನಾಗಿಯೇ ಬಂದು ಸೇರಿಕೊಳ್ಳುತ್ತಿತ್ತು, ಅವನಿಗೇ ಗೊತ್ತಾಗದಂತೆ.

ಎದೆಯೂ ಇಲ್ಲ, ಸೊಂಟವೂ ಇಲ್ಲ, ಬರೀ ಎತ್ತರ ಸಾಕು ಎಂದು ಚೀಟಿಯಿಂದ ತಿಳಿದ ದರ್ಜಿ, ಮೊದಲು ಕಿಟಕಿಯ ಚೌಕಟ್ಟಿನ ಮೇಲೆ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಗಿಡದ ತುದಿಗೆ ಸರಿಯಾಗಿ ಇನ್ನೊಂದು. ಪಟ್ಟಿ ಹಿಡಿದ. ಹತ್ತೂವರೆ ಸೆಂಟಿಮೀಟರು. ಎರಡಂಗುಲವೆಂದರೆ ಐದು. ನೋಟ್‌ಬುಕ್ಕಿನಲ್ಲಿ ಬರೆದ: ಹದಿನೈದೂವರೆ. ಸುಳ್ಳು ಬರೆದನೆಂದು ಯಾರೂ ತಿಳಿಯಬಾರದು. ಅವನ ಮಟ್ಟಿಗೆ ಅದು ಸತ್ಯ, ಮಡಿಕೆ ಬಿಚ್ಚುವುದಷ್ಟೇ ಬಾಕಿ.

ಮರುದಿನ ಎಂಟಕ್ಕೆ ಮತ್ತೆ ಗೆರೆ ಎಳೆದು ಅಳೆದ. ಹನ್ನೊಂದು. ಪುಸ್ತಕ ನೋಡಿದ. ನಿನ್ನೆ ಹದಿನೈದೂವರೆ. ದರ್ಜಿ ಕುರ್ಚಿಯ ಮೇಲೆ ಕುಳಿತುಬಿಟ್ಟ. ನಿನ್ನೆ ಅಷ್ಟಿದ್ದದ್ದು ಇವತ್ತು ಇಷ್ಟಕ್ಕೆ ಇಳಿಯುವುದೆಂದರೇನು? ಆಮೇಲೆ ಅವನಿಗೆ ಹೊಳೆಯಿತು. ಅಳತೆ ತೆಗೆಯುವಾಗ ಬೇಕೆಂದೇ ಬೆನ್ನು ಗೂನುಮಾಡಿ ನಿಲ್ಲುವ ಹುಡುಗರನ್ನು ಅವನು ಎಷ್ಟು ಕಂಡಿಲ್ಲ? ಗಿಡ ಏನಾದರೂ ಮಾಡಿಕೊಳ್ಳಲಿ, ಪುಸ್ತಕ ಪುಸ್ತಕವೇ. ನಿನ್ನೆಯ ಗೆರೆಗೂ ಇವತ್ತಿನ ಗೆರೆಗೂ ನಡುವೆ ಎಷ್ಟಿದೆ ನೋಡಿದ. ಅರ್ಧ ಸೆಂಟಿಮೀಟರು. ಹದಿನೈದೂವರೆಗೆ ಅರ್ಧ ಸೇರಿ ಹದಿನಾರು. ಬೆಳೆಯುವ ಗಿಡ, ಐದು ಬಿಡಬೇಕು. ಇಪ್ಪತ್ತೊಂದು.

ಅಲ್ಲಿಗೆ ಕ್ರಮ ಕೂತಿತು. ಆಮೇಲೆ ಅವನು ಗಿಡವನ್ನು ಇಡಿಯಾಗಿ ಅಳೆಯಲೇ ಇಲ್ಲ. ಗೆರೆಯಿಂದ ಗೆರೆಗೆ ಬೆಳೆದದ್ದಷ್ಟನ್ನು ಅಳೆಯುವುದು, ನಿನ್ನೆಯದಕ್ಕೆ ಕೂಡಿಸುವುದು, ಐದು ಬಿಡುವುದು. ಒಂದು ದಿನವೂ ಎಂಟು ಗಂಟೆ ತಪ್ಪಲಿಲ್ಲ. ಒಂದು ದಿನವೂ ಐದು ತಪ್ಪಲಿಲ್ಲ. ಚೌಕಟ್ಟಿನ ಮೇಲೆ ಗೆರೆಗಳು ಇರುವೆಯ ಹೆಜ್ಜೆ ಇಟ್ಟು ಏರಿದವು. ನೋಟ್‌ಬುಕ್ಕಿನಲ್ಲಿ ಅಂಕಿಗಳು ಕುದುರೆ ಹತ್ತಿ ಹೋದವು.

ಮಗಳು ಒಂದು ಸಂಜೆ ಫೋನು ಮಾಡಿ ಗಿಡ ಹೇಗಿದೆ ಎಂದು ಕೇಳಿದಳು. ನೆಟ್ಟಗಿದೆ ಎಂದ ಅಪ್ಪ. ಎಷ್ಟಾಯಿತು ಎಂದು ಅವಳು ಕೇಳುವಷ್ಟರಲ್ಲಿ ಅವಳಮ್ಮ ಫೋನು ಕಿತ್ತುಕೊಂಡು, ಬಚ್ಚಲಿನ ನಲ್ಲಿ ನಿಲ್ಲಿಸಿದ್ದೀರಾ ಎಂದು ಕೇಳಿದಳು. ದರ್ಜಿ ಮನೆಗೆ ಓಡಿದ. ನಲ್ಲಿ ನಿಲ್ಲಿಸಿರಲಿಲ್ಲ.

ದರ್ಜಿಯ ಅಂಗಡಿಗೆ ಒತ್ತಿಕೊಂಡೇ ಕ್ಷೌರದಂಗಡಿ. ಇಬ್ಬರಿಗೂ ಗೋಡೆ ಒಂದೇ. ಒಬ್ಬ ಸೇರಿಸಿ ಬದುಕುವವನು, ಇನ್ನೊಬ್ಬ ಕಳೆದು ಬದುಕುವವನು. ಆದ್ದರಿಂದಲೇ ಇಬ್ಬರಿಗೂ ಚೆನ್ನಾಗಿ ಹೊಂದಿತ್ತು. ಹದಿನೆಂಟನೆಯ ದಿನ, ಶನಿವಾರ, ಕ್ಷೌರಿಕ ಕತ್ತರಿ ಮಸೆಯುವ ಕಲ್ಲು ಕೇಳಲು ಬಂದವನು ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ತೆರೆದು ನೋಡಿದ. ಕೊನೆಯ ಅಂಕಿ ಐವತ್ತಾರು. ಗಿಡದ ಮುಂದೆ ಆಗಷ್ಟೇ ಇಸ್ತ್ರಿ ಮಾಡಿದ ಏಳು ಚಡ್ಡಿಗಳನ್ನು ತೂಗುಹಾಕಿದ್ದರಿಂದ ಅವನಿಗೆ ಗಿಡ ಕಾಣಲಿಲ್ಲ. ಅವನು ಕಲ್ಲನ್ನು ಮರೆತು ತನ್ನ ಅಂಗಡಿಗೆ ಹೋಗಿ, ಕುರ್ಚಿಯ ಮೇಲೆ ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಕುಳಿತಿದ್ದವರಿಗೆ, ಕೂದಲು ಕತ್ತರಿಸುತ್ತಲೇ ವಿಷಯ ತಿಳಿಸಿದ. ಕುಳಿತಿದ್ದವರು ಶಾಲೆಯ ಹೆಡ್‌ಮಾಸ್ಟರು.

ಹೆಡ್‌ಮಾಸ್ಟರಿಗೆ ತಲೆಯ ಎಡಭಾಗ ಮುಗಿದಿತ್ತು, ಬಲಭಾಗ ಹಾಗೇ ಇತ್ತು. ಅವರು ಅದೇ ಸ್ಥಿತಿಯಲ್ಲಿ, ಕೊರಳಿನ ಬಟ್ಟೆಯೊಂದಿಗೆ, ಪಕ್ಕದ ಅಂಗಡಿಗೆ ನಡೆದು ಬಂದರು. ನೋಟ್‌ಬುಕ್ಕು ನೋಡಿದರು. ಹದಿನೆಂಟು ದಿನದಲ್ಲಿ ಐವತ್ತಾರು ಸೆಂಟಿಮೀಟರು. ನಕ್ಷೆಯ ಗೆರೆ ಮಗಳ ಕೈಯಲ್ಲಿ ಹತ್ತು ದಿನ ನಡೆದು, ಆಮೇಲೆ ಅಪ್ಪನ ಕೈಯಲ್ಲಿ ಏಣಿ ಹತ್ತಿದಂತಿತ್ತು. ಗಿಡ ತೋರಿಸಿ ಎಂದು ಅವರು ಕೇಳಲಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕ ನೋಡಿಕೊಂಡು ಬಂದವರು. ಪುಸ್ತಕದಲ್ಲಿ ಇದ್ದ ಹುಡುಗ ಬೆಂಚಿನ ಮೇಲೆ ಇಲ್ಲದಿದ್ದರೂ ಅವರ ಪಾಲಿಗೆ ಇದ್ದ ಹಾಗೆಯೇ.

"ಗೊಬ್ಬರ ಏನು ಹಾಕ್ತೀರಿ?" ಎಂದರು.

"ಏನೂ ಇಲ್ಲ ಸಾರ್. ಜಾಗ ಬಿಡ್ತೀನಿ ಅಷ್ಟೆ," ಎಂದ ದರ್ಜಿ.

ಈ ಮಾತು ಹೆಡ್‌ಮಾಸ್ಟರಿಗೆ ತುಂಬ ಆಳವಾಗಿ ಕಂಡಿತು. ಶಾಲೆ ಶುರುವಾಗುವ ಸೋಮವಾರವೇ ತೋಟಗಾರಿಕೆ ಅಧಿಕಾರಿಗಳು ಭಾಷಣಕ್ಕೆ ಬರುವವರಿದ್ದರು. ಶಾಲೆಯ ಬಗ್ಗೆ ಹೇಳಿಕೊಳ್ಳಲು ಈವರೆಗೆ ಒಂದು ಹೊಸ ಕಾಂಪೌಂಡು ಮಾತ್ರ ಇತ್ತು. ಗಿಡವನ್ನೂ ನೋಟ್‌ಬುಕ್ಕನ್ನೂ ಸೋಮವಾರ ಸಭೆಗೆ ತರಬೇಕೆಂದು ಹೇಳಿ, ಅಧಿಕಾರಿಗೆ ಫೋನು ಮಾಡಲು ಅಲ್ಲಿಂದಲೇ ಶಾಲೆಗೆ ಹೊರಟುಹೋದರು. ಬಲಭಾಗ ಉಳಿಯಿತು. ಕ್ಷೌರಿಕ ಕತ್ತರಿ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ಹಿಂದೆ ಹೋಗಿ ವಾಪಸು ಬಂದ.

ಭಾನುವಾರ ಬೆಳಿಗ್ಗೆ ದರ್ಜಿ ಆ ವಾರದಲ್ಲಿ ಮೊದಲ ಬಾರಿಗೆ ಪಟ್ಟಿಯ ಒಂದು ತುದಿಯನ್ನು ಮಣ್ಣಿಗಿಟ್ಟು ಇನ್ನೊಂದನ್ನು ಗಿಡದ ತುದಿಗೆ ತಂದ. ಹದಿನಾರೂವರೆ. ನೋಟ್‌ಬುಕ್ಕಿನಲ್ಲಿ ಅಂದು ಬರೆದದ್ದು ಅರವತ್ತೊಂದೂವರೆ. ಅವನು ಪಟ್ಟಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ಅಳೆದ. ಅಂಗುಲದ ಕಡೆಯಿಂದ ಇನ್ನೂ ಕಡಿಮೆ ಬಂತು. ಕಾವ್ಯ ಓದುವವರಾದರೆ ಇಲ್ಲಿ ರಾಗ ಬದಲಿಸುತ್ತಿದ್ದರು.

ಅವನು ಗೋಡೆ ಬಡಿದು ಕ್ಷೌರಿಕನನ್ನು ಕರೆದ. ಕ್ಷೌರಿಕ ಗಿಡ ನೋಡಿದ, ನೋಟ್‌ಬುಕ್ಕು ನೋಡಿದ. ಅವನ ಕಸುಬಿಗೆ ತಕ್ಕ ಸಲಹೆಯನ್ನೇ ಕೊಟ್ಟ: ನೋಟ್‌ಬುಕ್ಕನ್ನು ಕತ್ತರಿಸು, ಅಂಕಿಗಳನ್ನು ಕಡಿಮೆ ಮಾಡು. ದರ್ಜಿ ತಲೆಯಾಡಿಸಿದ. ಹೆಡ್‌ಮಾಸ್ಟರು ಕಣ್ಣಾರೆ ನೋಡಿ ಹೋಗಿದ್ದಾರೆ. ಅಲ್ಲದೆ ಅದು ಪೆನ್ನಿನಲ್ಲಿ ಬರೆದದ್ದು. ಹೊಡೆದು ತಿದ್ದಿದ ಪಟ್ಟಿಗೆ ಆ ಟೀಚರು ಮೂರಂಕ ಕೊಡುತ್ತಾರೆಯೇ? ಮೂರಂಕ ಹೋದರೆ ಮೂವತ್ತೆರಡು. ಮೂವತ್ತೆರಡೆಂದರೆ ಮತ್ತೆ ಏಳನೇ ಕ್ಲಾಸು.

"ಚೀಟೀಲಿ ಬೇರೆ ಏನೂ ಮಾಡಬಾರದು ಅಂತ ಬರೆದಿದಾಳೆ," ಎಂದ ಕ್ಷೌರಿಕ, ಕನ್ನಡಕ ಏರಿಸಿ ಓದಿ.

"ಬೇರೆ ಏನು ಮಾಡ್ತಿದೀನಿ? ನಾನು ಮಾಡೋದನ್ನೇ ಮಾಡ್ತೀನಿ."

ದರ್ಜಿಯ ವಿದ್ಯೆಯಲ್ಲಿ ಬಟ್ಟೆ ಅಳತೆಗೆ ಸಾಲದಿದ್ದರೆ ಯಾರೂ ಅಳತೆಯನ್ನು ಬೈಯುವುದಿಲ್ಲ. ತುಂಡು ಸೇರಿಸುತ್ತಾರೆ. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಮಧ್ಯಾಹ್ನದವರೆಗೆ ಸೇರಿಸಿದ. ಹಳೆಯ ಕೊಡೆಯ ಒಂದು ಕಡ್ಡಿ, ಅದಕ್ಕೆ ಸುತ್ತಲು ಹಸಿರು ಬಟ್ಟೆ. ಎಲೆಗಳು ಇಪ್ಪತ್ತೆರಡು: ಮೇಲ್ಭಾಗಕ್ಕೆ ಹೊಳೆಯುವ ಹಸಿರು, ಕೆಳಭಾಗಕ್ಕೆ ತಿಳಿ ಹಸಿರಿನ ಲೈನಿಂಗು. ಎಲೆಯ ನರಗಳನ್ನು ಕೈಹೊಲಿಗೆಯಲ್ಲೇ ಎತ್ತಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಮುಂದಿನ ಕಥೆ ಹೇಗೆ ಹೋಗುತ್ತಿತ್ತೋ. ಆದರೆ ಅಂಚು ಬಿಟ್ಟ ಬಟ್ಟೆಯನ್ನು ಅಂಗಡಿಯಿಂದ ಹೊರಗೆ ಕಳಿಸುವುದು ಅವನ ಜಾಯಮಾನವಲ್ಲ. ನೂಲು ಬಿಡುತ್ತದೆ, ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂದು, ಇಪ್ಪತ್ತೆರಡು ಎಲೆಗಳಿಗೂ ಅಂಚು ಮಡಚಿ ಹೊಲಿದ. ತುದಿಯಲ್ಲಿ ಎರಡಂಗುಲ ಒಳಗೆ ಮಡಚಿ ಬಿಟ್ಟ. ಇದನ್ನು ಯಾಕೆ ಬಿಟ್ಟೆ ಎಂದು ಅವನನ್ನು ಆಮೇಲೆ ಎಷ್ಟೋ ಜನ ಕೇಳಿದರು. ಅವನಿಗೆ ಬಿಟ್ಟದ್ದೇ ನೆನಪಿರಲಿಲ್ಲ.

ಕಡ್ಡಿಯನ್ನು ನಿಜವಾದ ಗಿಡದ ಪಕ್ಕ ಮಣ್ಣಿಗೆ ಊರಿ, ಗಿಡಕ್ಕೆ ನೋವಾಗದಂತೆ ಹಸಿರು ದಾರದಿಂದ ಸಡಿಲವಾಗಿ ಕಟ್ಟಿದ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊನೆಯ ಗೆರೆ ಎಳೆದು, ಬೆಳೆದ ಒಂದು ಸೆಂಟಿಮೀಟರನ್ನೂ ಬಿಡಬೇಕಾದ ಐದನ್ನೂ ಸೇರಿಸಿ ಅರವತ್ತೇಳೂವರೆ ಎಂದು ಬರೆದು, ಬಟ್ಟೆಯ ಗಿಡದ ನೆತ್ತಿಯನ್ನು ಅಷ್ಟಕ್ಕೇ ಸರಿಮಾಡಿದ. ಕ್ಷೌರಿಕ ಗಿರಾಕಿಗಳ ತಲೆಗೆ ನೀರು ಹೊಡೆಯುವ ಬಾಟಲಿ ತಂದು ಎಲೆಗಳ ಮೇಲೆ ಮಂಜು ಹನಿಸಿಕೊಟ್ಟ. ಅದರಲ್ಲಿ ಶೇವಿಂಗಿನ ನಂತರ ಹಚ್ಚುವ ಲೋಷನ್ನೂ ಕಲೆತಿತ್ತು. ದರ್ಜಿ ಹಸುಗೂಸನ್ನು ಎತ್ತಿಕೊಂಡಂತೆ ಗಿಡವನ್ನು ಎತ್ತಿಕೊಂಡು ಶಾಲೆಗೆ ನಡೆದ.

ಸಭೆ ತುಂಬಿತ್ತು. ವೇದಿಕೆಯ ಮೇಲೆ ಹೆಡ್‌ಮಾಸ್ಟರು, ತಲೆಯ ಎಡಭಾಗವನ್ನು ಸಭೆಗೆ ತೋರುವಂತೆ ಓರೆಯಾಗಿ ಕುಳಿತಿದ್ದರು. ಬಲಭಾಗ ಅಧಿಕಾರಿಯ ಪಾಲಿಗೆ ಬಂದಿತ್ತು. ತೋಟಗಾರಿಕೆ ಅಧಿಕಾರಿ ಅವಸರವಿಲ್ಲದ ಮನುಷ್ಯ. ಅವರ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ವಿಜ್ಞಾನದ ಟೀಚರ್ ಮೂಲೆಯಲ್ಲಿ ನಿಂತಿದ್ದರು. ದರ್ಜಿಯ ಹೆಂಡತಿಯೂ ಮಗಳೂ ಬಸ್ಸಿಳಿದು ಚೀಲ ಸಮೇತ ನೇರ ಅಲ್ಲಿಗೇ ಬಂದು ಬಾಗಿಲ ಬಳಿ ನಿಂತಿದ್ದರು.

ಮಗಳು ವೇದಿಕೆಯ ಮೇಲಿದ್ದ ಗಿಡ ನೋಡಿದಳು.

"ಅದು ನನ್ನ ಲಂಗದ ಬಟ್ಟೆ," ಎಂದಳು ಅವಳಮ್ಮ, ಮೆಲ್ಲಗೆ.

ಹೆಡ್‌ಮಾಸ್ಟರು ಇಪ್ಪತ್ತು ನಿಮಿಷ ಮಾತಾಡಿದರು. ಜಾಗ ಬಿಡುವುದೇ ಶಿಕ್ಷಣ ಎಂದರು. ಅಧಿಕಾರಿ ಅಷ್ಟರಲ್ಲಿ ಕುರ್ಚಿಯನ್ನು ಗಿಡದ ಹತ್ತಿರಕ್ಕೆ ಎಳೆದುಕೊಂಡು, ಮೊದಲು ಮೂಸಿದರು. ಬೀನ್ಸ್ ಗಿಡಕ್ಕೆ ಇಂಥ ಪರಿಮಳ ತಾವು ಕಂಡಿಲ್ಲವೆಂದರು. ತಳಿ ಹೊಸದಿರಬೇಕೆಂದರು ಹೆಡ್‌ಮಾಸ್ಟರು. ಅಧಿಕಾರಿ ಭೂತಗನ್ನಡಿ ತೆಗೆದರು.

"ಎಲೆಗೆ ಅಂಚು ಮಡಚಿದೆ."

"ಮಣ್ಣಿನ ಗುಣ ಸಾರ್," ಎಂದರು ಹೆಡ್‌ಮಾಸ್ಟರು.

ಅಧಿಕಾರಿ ಎಲೆಯನ್ನು ತಿರುವಿ ನೋಡಿದರು. "ಲೈನಿಂಗ್ ಕೊಟ್ಟಿದೆ."

"ನಮ್ಮ ಮಕ್ಕಳು ಯಾವುದನ್ನೂ ಮೇಲುಮೇಲಕ್ಕೆ ಮಾಡೋದಿಲ್ಲ ಸಾರ್."

ಮೂವತ್ತು ವರ್ಷದ ನೌಕರಿಯಲ್ಲಿ ಎಲೆಗೆ ಹುಳ ಬಿದ್ದದ್ದು ನೋಡಿದ್ದೇನೆ, ಬೂಷ್ಟು ಹಿಡಿದದ್ದು ನೋಡಿದ್ದೇನೆ, ಹೊಲಿಗೆ ಬಿದ್ದದ್ದು ನೋಡಿಲ್ಲ ಎಂದು ಅಧಿಕಾರಿ ತಮ್ಮಷ್ಟಕ್ಕೆ ಹೇಳಿಕೊಂಡರು. ನೆತ್ತಿಯಲ್ಲಿ ಒಳಗೆ ಮಡಚಿದ್ದ ಎರಡಂಗುಲವನ್ನು ಬೆರಳಿನಿಂದ ಹೊರಗೆಳೆದರು. ಗಿಡ ಸಭೆಯ ಕಣ್ಣೆದುರೇ ಎರಡಂಗುಲ ಬೆಳೆಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಡಿಕೆಯಿಂದ ನೂಲಿನ ತುದಿಯೊಂದು ಹೊರಬಂದಿತ್ತು. ಅಧಿಕಾರಿ ಅದನ್ನು ಹಿಡಿದು ಎಳೆದರು. ಅದು ಒಂದೇ ದಾರದಲ್ಲಿ ಎಲ್ಲೂ ಕಡಿಯದೆ ಹಾಕಿದ ಹೊಲಿಗೆ, ದರ್ಜಿಯ ಹೆಮ್ಮೆ. ಅದು ಬಂತು, ಬಂತು, ಬರುತ್ತಲೇ ಇತ್ತು. ಎಲೆಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಇಪ್ಪತ್ತೆರಡನ್ನೂ ಸಭೆ ಬಾಯಿಬಿಟ್ಟು ಎಣಿಸಿತು. ಕೊನೆಗೆ ಕೊಡೆಯ ಕಡ್ಡಿಯೊಂದು ಬೆತ್ತಲೆ ನಿಂತಿತು. ಅದರ ಬುಡದಲ್ಲಿ, ಇಷ್ಟೆಲ್ಲಕ್ಕೂ ತನಗೂ ಏನೂ ಸಂಬಂಧವಿಲ್ಲವೆಂಬಂತೆ, ಪುಟ್ಟ ಬೀನ್ಸ್ ಗಿಡ ಕಿಟಕಿಯ ಕಡೆಗೆ ಬಾಗಿತ್ತು.

ವಿಜ್ಞಾನದ ಟೀಚರ್ ಮೂಲೆಯಿಂದ ಮುಂದಕ್ಕೆ ಬಂದರು. ದರ್ಜಿ ಎದ್ದು ನಿಂತ. ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

"ಕೆಳಗಿನ ಮುಕ್ಕಾಲು ಗೇಣು ಅದರದ್ದೇ ಮಿಸ್," ಎಂದ. "ಮೇಲಿನದು ಮಾತ್ರ ನಂದು."

ಟೀಚರ್ ಸಿಟ್ಟಾಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ನೋಟ್‌ಬುಕ್ಕು ತೆಗೆದು ಅರವತ್ತೇಳೂವರೆಯನ್ನು ನೋಡಿ, ಗಿಡ ನೋಡಿ, ಪುಸ್ತಕ ವರದಿಗೆ ಎರಡು, ಯೋಜನೆಗೆ ಸೊನ್ನೆ, ಒಟ್ಟು ಮೂವತ್ತೆರಡು ಎಂದು ಸಮಾಧಾನದ ದನಿಯಲ್ಲಿ ಹೇಳಿದರು. ಹೆಡ್‌ಮಾಸ್ಟರು ಚಾವಣಿ ನೋಡಿದರು. ದರ್ಜಿ ಬಾಗಿಲ ಕಡೆ ನೋಡಲಾರದೆ ಮೇಜಿನ ಮೇಲಿನ ಎಲೆಗಳನ್ನು ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಜೋಡಿಸತೊಡಗಿದ.

ಮಗಳು ಚೀಲ ಕೆಳಗಿಟ್ಟು ಬಂದಳು. ನೋಟ್‌ಬುಕ್ಕು ಕೇಳಿ ತೆಗೆದುಕೊಂಡು, ಅಪ್ಪನ ಅಂಕಿಗಳ ಮೇಲೆ ಬೆರಳಿಟ್ಟು ಇಳಿಯುತ್ತ ಹೋದಳು. ಹದಿನೈದೂವರೆ. ಇಪ್ಪತ್ತೊಂದು. ಇಪ್ಪತ್ತೇಳು. ಹಾಗೇ ನಿಂತಳು. ಆಮೇಲೆ ತನ್ನ ಅಂಗಿಯ ತೋಳು ನೋಡಿಕೊಂಡಳು. ಬೆರಳು ಹೊರಗೆ ಕಾಣಲೆಂದು ಅದನ್ನು ಎರಡು ಸಲ ಮಡಚಿತ್ತು. ಹೋದ ವರ್ಷದ್ದೂ ಹಾಗೇ ಇತ್ತು. ಅದರ ಹಿಂದಿನ ವರ್ಷದ್ದೂ.

"ಮಿಸ್, ಸೀಮೆಸುಣ್ಣ ಕೊಡ್ತೀರಾ?"

ಹಲಗೆಯ ಮೇಲೆ ಅವಳು ಬರೆದದ್ದು ಬರೀ ಕಳೆಯುವ ಲೆಕ್ಕ. ಹನ್ನೊಂದನೆಯ ದಿನ ಹದಿನೈದೂವರೆಯಲ್ಲಿ ಐದು ಕಳೆದರೆ ಹತ್ತೂವರೆ. ಮರುದಿನ ಇಪ್ಪತ್ತೊಂದರಲ್ಲಿ ಹತ್ತು ಕಳೆದರೆ ಹನ್ನೊಂದು. ಅದರ ಮರುದಿನ ಹದಿನೈದು ಕಳೆದರೆ ಹನ್ನೆರಡು. ಹೀಗೆ ದಿನಕ್ಕೆ ಐದೈದು ಏರಿಸಿ ಕಳೆಯುತ್ತ ಬಂದು, ಇಪ್ಪತ್ತನೆಯ ದಿನ ಅರವತ್ತೇಳೂವರೆಯಲ್ಲಿ ಐವತ್ತು ಕಳೆದು ಹದಿನೇಳೂವರೆ ಎಂದು ಬರೆದಳು. ಅವಳು ಮೊದಲ ಹತ್ತು ದಿನ ಎಳೆದಿದ್ದ ನಕ್ಷೆಯ ಗೆರೆಗೆ ಈ ಅಂಕಿಗಳು ಎಲ್ಲೂ ಗಂಟು ಕಾಣದಂತೆ ಕೂಡಿಕೊಂಡವು.

"ನಮ್ಮಪ್ಪ ಎರಡಂಗುಲ ಬಿಟ್ಟಿದಾರೆ ಮಿಸ್," ಎಂದಳು. "ದಿನಾ ಬಿಟ್ಟಿದಾರೆ. ಒಂದಿನಾನೂ ತಪ್ಪಿಸಿಲ್ಲ."

ಟೀಚರ್ ತಮ್ಮ ಸ್ಟೀಲ್ ಸ್ಕೇಲು ತರಿಸಿ ಗಿಡದ ಪಕ್ಕ ಹಿಡಿದರು. ಹದಿನೇಳೂವರೆ. ಅಧಿಕಾರಿ ಭೂತಗನ್ನಡಿಯಿಂದ ಸ್ಕೇಲನ್ನೂ ನೋಡಿ, ಹೌದೆಂದರು.

ಆದರೆ ಆ ಟೀಚರ್ ಅಷ್ಟಕ್ಕೆ ಬಿಡುವವರಲ್ಲ. ಕೊನೆಯ ದಿನದ ಅಳತೆ ಕೂಡಿಬಂದಿತು, ಸರಿ. ನಡುವಿನ ಒಂಬತ್ತು ದಿನಗಳಿಗೆ ಸಾಕ್ಷಿ ಏನು ಎಂದು ಕೇಳಿದರು. ಮಗಳು ಅಪ್ಪನ ಮುಖ ನೋಡಿದಳು. ದರ್ಜಿ ಎಲೆ ಜೋಡಿಸುವುದನ್ನು ನಿಲ್ಲಿಸಿ, ಕಿಟಕಿಯ ಚೌಕಟ್ಟಿನ ಮೇಲೆ ಗೆರೆ ಇದೆ ಎಂದ. ಗೆರೆಯಲ್ಲೂ ಎರಡಂಗುಲ ಸೇರಿಸಿದೀರಾ ಎಂದು ಟೀಚರ್ ಕೇಳಿದರು. ದರ್ಜಿಗೆ ಬೇಸರವಾಯಿತು. ಸೀಮೆಸುಣ್ಣದ ಗೆರೆ ಇದ್ದಲ್ಲೇ ಇರಬೇಕು, ಬಿಡುವುದು ಪುಸ್ತಕದಲ್ಲಿ, ಇಷ್ಟು ತಿಳಿಯದೆ ಯಾರಾದರೂ ಕತ್ತರಿ ಹಿಡಿಯುತ್ತಾರೆಯೇ ಎಂದು ಅವನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಸಂಜೆ ನಾಲ್ಕಕ್ಕೆ ಬಂದು ನೋಡುತ್ತೇನೆ ಎಂದರು ಟೀಚರ್.

ಮೂರೂವರೆಗೇ ಬೀದಿ ಸೇರಿತ್ತು. ಹೆಡ್‌ಮಾಸ್ಟರು ಕ್ಷೌರದ ಕುರ್ಚಿಯಲ್ಲಿ ಬಲಭಾಗವನ್ನು ಒಪ್ಪಿಸಿ ಕುಳಿತಿದ್ದರು. ಟೀಚರ್ ಬಂದದ್ದು ಕಂಡು ಕ್ಷೌರಿಕ ಕತ್ತರಿ ಸಮೇತ ಹೊರಗೆ ಬಂದ. ಅವನ ಹಿಂದೆಯೇ ಹೆಡ್‌ಮಾಸ್ಟರೂ ಬಂದರು, ಬಲಭಾಗ ಮತ್ತೆ ಅರ್ಧಕ್ಕೆ ನಿಂತಿತು. ಹೆಂಡತಿ ಕಿಟಕಿಯ ಮುಂದಿನ ಚಡ್ಡಿಗಳನ್ನು ತೆಗೆದು, ಲಂಗದ ವಿಷಯ ರಾತ್ರಿ ಊಟವಾದ ಮೇಲೆ ಮಾತಾಡೋಣ ಎಂದು ಗಂಡನಿಗೆ ತಿಳಿಸಿ, ಒಂದು ಪಕ್ಕ ನಿಂತಳು.

ಟೀಚರ್ ಮೊಣಕಾಲೂರಿ ಕುಳಿತರು. ಮಣ್ಣಿನ ಮಟ್ಟದ ಗೆರೆಗೆ ಸ್ಕೇಲಿನ ಸೊನ್ನೆ ಇಟ್ಟರು. ಮಗಳು ಪಕ್ಕದಲ್ಲಿ ನಿಂತು ಹಲಗೆಯಿಂದ ಬರೆದುಕೊಂಡು ಬಂದ ಅಂಕಿಗಳನ್ನು ಒಂದೊಂದಾಗಿ ಓದಿದಳು. ಹತ್ತೂವರೆ. ಟೀಚರ್ ಬೆರಳು ಮೊದಲ ಗೆರೆಯ ಮೇಲೆ ನಿಂತಿತು. ಹೂಂ ಎಂದರು. ಹನ್ನೊಂದು. ಹೂಂ. ಹನ್ನೆರಡು. ಹೂಂ. ಆರನೆಯ ಗೆರೆಗೆ ಬಂದಾಗ ಬೀದಿಯೂ ಅವರೊಂದಿಗೆ ಹೂಂ ಎನ್ನತೊಡಗಿತ್ತು. ಹತ್ತಕ್ಕೆ ಹತ್ತೂ ಕೂಡಿಬಂದವು. ಗೆರೆಗಳು ಕೂದಲೆಳೆಯಷ್ಟು ಸಣ್ಣ, ಒಂದೂ ಸೊಟ್ಟಗಿರಲಿಲ್ಲ.

ಟೀಚರ್ ಎದ್ದು ಸೀರೆಯ ಧೂಳು ಕೊಡವಿದರು. ಇಷ್ಟು ಸರಿಯಾಗಿ ತಪ್ಪು ಬರೆದವರನ್ನು ತಾವು ಈವರೆಗೆ ಕಂಡಿಲ್ಲವೆಂದರು. ನೋಟ್‌ಬುಕ್ಕನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟು, ತಿದ್ದಿದ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಲು ಮಗಳಿಗೆ ಹೇಳಿದರು. ನಿನ್ನ ಪುಸ್ತಕ ವರದಿಯಲ್ಲಿ ನೀನೇ ಕೇಳಿದ್ದೆಯಲ್ಲ, ಅದು ಎಂದರು. ಮಗಳು ಅಪ್ಪನ ಕಿವಿಯ ಮೇಲಿದ್ದ ಪೆನ್ನು ತೆಗೆದುಕೊಂಡು ಬರೆದಳು: "ಅಳೆದವರು: ನಮ್ಮಪ್ಪ. ಅಭ್ಯಾಸ: ದಿನಕ್ಕೆ ಐದು ಸೆಂಟಿಮೀಟರು ಜಾಸ್ತಿ."

ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದು, ಮೂರಕ್ಕೆ ಮೂರು ಎಂದು ಬರೆದು, ಸಹಿ ಹಾಕಿದರು. ಮೂವತ್ತು, ಎರಡು, ಮೂರು. ಕ್ಷೌರಿಕ ಬೀದಿಗೆ ಗಟ್ಟಿಯಾಗಿ ಕೂಡಿ ಹೇಳಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒರೆಸಿದ್ದನ್ನು ಗಂಡ ನೋಡಿದನೋ ಎಂದು ನೋಡಿದಳು. ಮಗಳು ಬಾಟಲಿಯನ್ನು ಮತ್ತೆ ಕಿಟಕಿಯ ಕಟ್ಟೆಯ ಮೇಲೆ ಅದರ ಜಾಗಕ್ಕೇ ಇಟ್ಟು, ಗಿಡಕ್ಕೆ ಕಟ್ಟಿದ್ದ ಹಸಿರು ದಾರವನ್ನು ಬಿಚ್ಚಿದಳು.

ದರ್ಜಿ ಮಾತ್ರ ನೋಟ್‌ಬುಕ್ಕನ್ನೇ ನೋಡುತ್ತಿದ್ದ. ಮೂವತ್ತೈದು. ಬೇಕಾದದ್ದೂ ಮೂವತ್ತೈದು. ಒಂದು ನೂಲೂ ಆಚೆಯಿಲ್ಲ, ಈಚೆಯಿಲ್ಲ. ಅವನ ಮುಖದಲ್ಲಿ ಕಸುಬಿನ ಚಿಂತೆಯೊಂದು ಮೂಡಿತು. ಟೀಚರ್ ಚೀಲ ಹೆಗಲಿಗೇರಿಸುವಾಗ ಅವನು ಅಳತೆಪಟ್ಟಿಯ ಎರಡು ತುದಿಗಳನ್ನೂ ಹಿಡಿದು, ಗಂಟಲು ಸರಿಮಾಡಿಕೊಂಡ.

"ಮಿಸ್, ಇದು ಮೈಗೆ ತೀರಾ ಹಿಡಿದ ಹಾಗಾಯ್ತು. ಬೆಳೆಯೋ ಮಗು. ಒಂದೆರಡು ಅಂಕ ಜಾಸ್ತಿ ಬಿಟ್ಟಿದ್ರೆ..."

"ಬಿಡೋದಿಲ್ಲ," ಎಂದರು ಟೀಚರ್.